ನೆಲದ ಹಸಿ

ಸಂಕ್ರಾಂತಿ ಕಳೆದ ಮರುವಾರ ಮಗಳು ಮತ್ತು ಅಳಿಯ ಬೆಂಗಳೂರಿನಿಂದ ಬಂದಿದ್ದರು. ನಮ್ಮ ಕಪ್ಪು ಮಣ್ಣಿನ ಎರೆಹೊಲದ ಬಿಳಿಜೋಳ ಆಗಷ್ಟೇ ಹಾಲುಗಾಳು ದಾಟಿ ಸೀತನಿಯ ಹದಕ್ಕೆ ಬಂದಿತ್ತು. ಉಗುರಿನಿಂದ ಒತ್ತಿದರೆ ಹಾಲು ಚಿಮ್ಮಬಾರದು, ಕಾಳು ಗಟ್ಟಿಯೂ ಆಗಿರಬಾರದು, ಬೆಣ್ಣೆಯಂತೆ ಮೆತ್ತಗೆ ಹಿಸುಕಿಕೊಳ್ಳಬೇಕು. ಈ ಹದ ಒಂದು ಹೊಲದಲ್ಲಿ ಎಂಟು ಹತ್ತು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲವಾದ್ದರಿಂದ, ಮಗಳು ರಜೆ ಹಾಕುವ ಮೊದಲು ತಾಯಿಗೆ ಫೋನು ಮಾಡಿ ತೆನೆ ಹೇಗಿದೆ ಎಂದು ವಿಚಾರಿಸಿಕೊಳ್ಳುತ್ತಾಳೆ. ಬದುವಿನ ಪಕ್ಕದಲ್ಲಿ ಮೊಳದಗಲದ ಗುಂಡಿ ತೋಡಿ, ಕುಳ್ಳು ಒಟ್ಟಿ ಬೆಂಕಿ ಹಚ್ಚಿದೆವು. ಉರಿ ಇಳಿದು ಕೆಂಡವಾದ ಮೇಲೆ ತೆನೆಗಳನ್ನು, ದಂಟಿನ ತುದಿ ಹೊರಗೆ ಉಳಿಯುವಂತೆ, ಬಿಸಿಬೂದಿಯೊಳಗೆ ಹೂತು, ಒಳಗಿನಿಂದ ಚಟಪಟ ಸದ್ದು ಬಂದೊಡನೆ ಎಳೆದು, ಗೋಣಿತಟ್ಟಿನ ಮೇಲೆ ಅಂಗೈಯಿಂದ ತಿಕ್ಕಿ, ಹೊಟ್ಟನ್ನು ಊದಿ ಹಾರಿಸಿದರೆ ಉಳಿಯುವ ಹಸಿರು ಕಾಳೇ ಸೀತನಿ. ಅದನ್ನು ಶೇಂಗಾ ಹಿಂಡಿ, ಬೆಲ್ಲದೊಂದಿಗೆ ಬೊಗಸೆಗಟ್ಟಲೆ ತಿನ್ನುವುದು. ಹೇಳಿದಷ್ಟು ಸುಲಭದ ಕೆಲಸವಲ್ಲ. ತಿಕ್ಕಿದವರ ಅಂಗೈ ಮರುದಿನವೂ ಉರಿಯುತ್ತದೆ, ಜೋಳದ ಸುಂಕು ಕುತ್ತಿಗೆಗೆ ಹತ್ತಿದರೆ ಸ್ನಾನ ಮಾಡುವ ತನಕ ಬಿಡುವುದಿಲ್ಲ.

ಬೆಂಕಿಯ ಸುತ್ತ ನಾವು ಐದಾರು ಜನ ಇದ್ದೆವು. ಬಾಜೂ ಹೊಲದ ಹೆಣ್ಣುಮಗಳು, ರಕ್ತಸಂಬಂಧವೇನೂ ಇಲ್ಲದಿದ್ದರೂ ಮೂವತ್ತು ವರ್ಷದಿಂದ ನಾನು ‘ತಂಗೀ’ ಎಂದೇ ಕರೆಯುವವಳು, ತನ್ನ ಮಗನನ್ನು ಕರೆದುಕೊಂಡು ಬಂದಿದ್ದಳು. ಅವನು ಸೈನ್ಯದಲ್ಲಿದ್ದಾನೆ; ರಜೆಯ ಮೇಲೆ ಊರಿಗೆ ಬಂದಿದ್ದ. ಅಳಿಯಂದಿರು ಮೂರನೆಯ ಬೊಗಸೆ ತಿನ್ನುತ್ತ, ಸುತ್ತಲಿನ ಹೊಲವನ್ನೆಲ್ಲ ಒಮ್ಮೆ ನೋಡಿ, “ಮಾವಾ, ನೀವು ಪುಣ್ಯವಂತರು ಬಿಡಿ. ಜಗತ್ತಿನಲ್ಲಿ ಏನು ನಡೆದರೂ ಇಲ್ಲಿ ಏನೂ ಗೊತ್ತಾಗುವುದಿಲ್ಲ” ಎಂದರು. ಪ್ರೀತಿಯಿಂದ ಆಡಿದ ಮಾತು. ನಾನು ಉತ್ತರ ಕೊಡಲಿಲ್ಲ, ಬಾಯಿತುಂಬ ಸೀತನಿ ಇತ್ತು. ಆ ಹುಡುಗನೂ ಏನೂ ಹೇಳದೆ ತೆನೆ ತಿಕ್ಕುತ್ತಿದ್ದ. ಆದರೆ ಆ ಮಾತು ಸುಂಕಿನಂತೆಯೇ ಮೈಗೆ ಹತ್ತಿಕೊಂಡು ಇಷ್ಟು ದಿನವಾದರೂ ಬಿಡದೆ ಇರುವುದರಿಂದ ಈ ಬರಹಕ್ಕೆ ಕುಳಿತಿದ್ದೇನೆ.

ನಾನು ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನಮ್ಮ ಊರು ಕೊಪ್ಪಳ ಜಿಲ್ಲೆಯಲ್ಲಿ, ಕುಕನೂರಿನಿಂದ ಯಲಬುರ್ಗಾಕ್ಕೆ ಹೋಗುವ ದಾರಿಯಿಂದ ಮೂರು ಕಿಲೋಮೀಟರ್ ಒಳಗಿದೆ. ಆರು ಎಕರೆ ಎರೆ, ಎರಡು ಎಕರೆ ಮಸಾರಿ ಎಂಬ ಕೆಂಪು ನೆಲ, ಒಂದು ಆಕಳು, ಹಿರಿಯರು ಕಟ್ಟಿದ ಮಾಳಿಗೆ ಮನೆ. ಇಲ್ಲಿ ನೆಮ್ಮದಿಯಿಂದ ಇದ್ದೇನೆಂಬುದು ನಿಜ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಆ ನೆಮ್ಮದಿಗೆ ‘ಏನೂ ಗೊತ್ತಾಗದಿರುವುದು’ ಕಾರಣ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ.

ಮೊದಲನೆಯದಾಗಿ, ಈ ನೆಲ ಯಾವ ಕಾಲಕ್ಕೂ ಜಗಳದಿಂದ ದೂರವಿದ್ದ ನೆಲವಲ್ಲ. ಶಾಸನಗಳು ಎಡೆದೊರೆ ನಾಡು ಎಂದು ಕರೆದ, ಶಾಲೆಯ ಪಾಠಗಳಲ್ಲಿ ರಾಯಚೂರು ದೋಆಬ್ ಎಂದು ಓದಿಸುವ, ಕೃಷ್ಣಾ ತುಂಗಭದ್ರೆಗಳ ನಡುವಿನ ಸೀಮೆ ಇದು. ಇದಕ್ಕಾಗಿ ವಿಜಯನಗರದವರೂ ಬಹಮನಿಯವರೂ, ಆಮೇಲೆ ಬಿಜಾಪುರದವರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದದ್ದು ಆ ಸರಣಿಯ ದೊಡ್ಡ ಯುದ್ಧ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರಿಗೆ ಎದುರು ನಿಂತು ಪ್ರಾಣ ಬಿಟ್ಟದ್ದು ನಮ್ಮ ಕೊಪ್ಪಳದ ಕೋಟೆಯಲ್ಲೇ. ಅದೆಲ್ಲ ಪುಸ್ತಕದ ಮಾತಾಯಿತು ಎನ್ನುವುದಾದರೆ, ನನ್ನ ಅಜ್ಜಿಯ ಮಾತು ಇದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಸೀಮೆ ನಿಜಾಮನ ಕೈಯಲ್ಲಿತ್ತು. ರಜಾಕಾರರ ಹಾವಳಿಯ ಆ ಕಾಲದಲ್ಲಿ ಮನೆಯವರೆಲ್ಲ ರಾತ್ರೋರಾತ್ರಿ ಗಡಿ ದಾಟಿ ಗದಗಿನ ಕಡೆಯ ನೆಂಟರಲ್ಲಿಗೆ ಹೋದರು. ಹೋಗುವ ಮುನ್ನ ಅಜ್ಜಿ ಮಾಡಿದ ಕೊನೆಯ ಕೆಲಸ, ಅಂಗಳದ ಹಗೇವಿನ, ಅಂದರೆ ಕಾಳು ತುಂಬಿಡುವ ನೆಲಗುಂಡಿಯ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣೆಳೆದು, ಅದರ ಮೇಲೆ ಸಗಣಿಯಿಂದ ಸಾರಿಸಿ, ಕೆಳಗೆ ಜೋಳವಿರುವ ಗುರುತೇ ಸಿಗದಂತೆ ಮಾಡಿದ್ದು. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಡಳಿತ ಮುಗಿದ ಮೇಲೆ ಮರಳಿ ಬಂದು ನೋಡಿದರೆ ಬಾಗಿಲು, ಹಗ್ಗ, ಕೊಡಪಾನ ಯಾವುದೂ ಉಳಿದಿರಲಿಲ್ಲ. ಹಗೇವು ಮಾತ್ರ ಹಾಗೇ ಇತ್ತು. “ಜೋಳ ವಾಸನಿ ಹೊಡೀತಿತ್ತು, ಆದ್ರ ರೊಟ್ಟಿ ಆಗ್ತಿತ್ತಪ್ಪ” ಎಂದು ಅಜ್ಜಿ ಹೇಳುತ್ತಿದ್ದಳು. ಗಲಭೆಯ ಕಥೆಯನ್ನು ಎಲ್ಲಿಂದ ಆರಂಭಿಸಿದರೂ ಆಕೆ ಅದನ್ನು ಆ ರೊಟ್ಟಿಗೇ ತಂದು ನಿಲ್ಲಿಸುತ್ತಿದ್ದಳು.

ಈಗಿನ ಕಾಲದಲ್ಲಂತೂ ಲೋಕದ ಸುದ್ದಿ ನಮ್ಮ ಒಗ್ಗರಣೆಯ ಸೌಟಿನಲ್ಲಿಯೇ ಬರುತ್ತದೆ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿದಾಗ ಕುಕನೂರಿನ ಕಿರಾಣಿ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು, ಏಕೆಂದರೆ ಈ ದೇಶ ತಿನ್ನುವ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನಿನಿಂದಲೇ ಬರುತ್ತಿತ್ತು. ಇದರಲ್ಲಿ ನಗುವಂಥದ್ದೂ ಅಳುವಂಥದ್ದೂ ಎರಡೂ ಇದೆ. ನಾನು ನೌಕರಿಗೆ ಸೇರಿದ ದಿನಗಳಲ್ಲಿ ಈ ಭಾಗದ ಹೊಲಗಳೇ ಸೂರ್ಯಕಾಂತಿಯಿಂದ ಹಳದಿಯಾಗಿರುತ್ತಿದ್ದವು. ಕರ್ನಾಟಕವೇ ಆ ಬೆಳೆಯಲ್ಲಿ ದೇಶಕ್ಕೆ ಮುಂದಿತ್ತು. 1997ರ ಹೊತ್ತಿಗೆ ಕಾಣಿಸಿಕೊಂಡ ನೆಕ್ರೋಸಿಸ್ ಎಂಬ ನಂಜುರೋಗ, ಹೊರಗಿನಿಂದ ಬರುವ ಅಗ್ಗದ ಎಣ್ಣೆ, ತೆನೆಗೆ ಮುತ್ತುವ ಗಿಳಿಹಿಂಡು, ಇವೆಲ್ಲ ಸೇರಿ ಒಬ್ಬೊಬ್ಬರೇ ಅದನ್ನು ಬಿಟ್ಟು ಮೆಕ್ಕೆಜೋಳಕ್ಕೂ ಕಡಲೆಗೂ ಹತ್ತಿಗೂ ತಿರುಗಿದರು. ಕೊನೆಗೆ ನಮ್ಮ ಹೊಲದ ಎಣ್ಣೆಗೆ ನಾವೇ ಕಪ್ಪುಸಮುದ್ರದ ಹಡಗು ಕಾಯುವಂತಾಯಿತು. 2025ರ ಮುಂಗಾರಿನಲ್ಲಿ ಯೂರಿಯಾ ಸಾಲದೆ ಜಿಲ್ಲೆಯಲ್ಲೆಲ್ಲ ಮೆಕ್ಕೆಜೋಳದ ರೈತರು ಗೊಬ್ಬರದ ಅಂಗಡಿಯ ಮುಂದೆ ಬೆಳಗಿನ ಜಾವದಿಂದ ಚಪ್ಪಲಿ ಸಾಲು ಹಚ್ಚಿ ನಿಂತಿದ್ದರು. ಹಾಗಾಗಿ, ಇಲ್ಲಿ ಏನೂ ಗೊತ್ತಾಗುವುದಿಲ್ಲ ಎಂದರೆ ಅದು ಇಲ್ಲಿಯವರನ್ನು ಹೊಗಳಿದಂತಲ್ಲ.

ಇನ್ನು 2025ರ ಮೇ ತಿಂಗಳ ಆ ನಾಲ್ಕು ದಿನಗಳು. ಮೇ 7ರ ನಸುಕಿನಲ್ಲಿ ಗಡಿಯಾಚೆಗೆ ದಾಳಿ ನಡೆದ ಸುದ್ದಿ ಬಂದಾಗ ತಂಗಿಯ ಮಗ ಜಮ್ಮುವಿನ ಕಡೆಗಿದ್ದ. ಎಲ್ಲಿ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ, ಅವನು ಹೇಳುವಂತೆಯೂ ಇರಲಿಲ್ಲ. ಊರಿನ ಹುಡುಗರೆಲ್ಲ ಪಂಚಾಯಿತಿ ಕಟ್ಟೆಯ ಮೇಲೆ ಒಂದೇ ಮೊಬೈಲಿನ ಸುತ್ತ ತಲೆ ಕೂಡಿಸಿ, ಟಿವಿಯವರು ಸೈರನ್ ಹಾಕಿಕೊಂಡು ಕೂಗುತ್ತಿದ್ದುದನ್ನು ನೋಡುತ್ತಿದ್ದರು. ಅವಳು ಮಾತ್ರ ಅಂದು ಬೆಳಿಗ್ಗೆ ಆರಕ್ಕೆಲ್ಲ ಹೊಲಕ್ಕೆ ಬಂದಳು. ಬೇಸಿಗೆಯ ಉಳುಮೆ ಮುಗಿದ ಎರೆಯಲ್ಲಿ ಹಳೆಯ ಬೆಳೆಯ ಕೂಳೆ ಮೇಲೆದ್ದಿರುತ್ತವೆ. ಮುಂಗಾರಿಗೆ ಮೊದಲು ಅವನ್ನೆಲ್ಲ ಆರಿಸಿ ಗುಡ್ಡೆ ಹಾಕಬೇಕು. ಅದು ನಿತ್ಯ ಸ್ವಲ್ಪ ಸ್ವಲ್ಪವಾಗಿ ಮಾಡುವ ಕೆಲಸ, ಅವಸರದ ಕೆಲಸವಲ್ಲ. ಅವಳು ಎಲೆ ಅಡಿಕೆಯ ಸಂಚಿಯೊಳಗೆ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮೇ ತಿಂಗಳ ಬಿಸಿಲಿನಲ್ಲಿ, ಒಂದು ಬದುವಿನಿಂದ ಇನ್ನೊಂದು ಬದುವಿನವರೆಗೆ ಬಗ್ಗಿಕೊಂಡೇ ಹೋಗುತ್ತಿದ್ದಳು. ಒಂದು ಕೂಳೆ ಕಿತ್ತು, ಬೇರಿನ ಹೆಂಟೆ ಉದುರುವಂತೆ ಹಿಮ್ಮಡಿಗೆ ಬಡಿದು, ಎಡತೋಳಿನ ಮೇಲಿಟ್ಟುಕೊಂಡು ಮುಂದಿನದಕ್ಕೆ ಬಗ್ಗುವಳು. ನಾನು ಎರಡನೆಯ ದಿನ ಮಜ್ಜಿಗೆ ಕೊಡುವ ನೆವದಿಂದ ಹೋದೆ.

“ತಂಗೀ, ಫೋನ್ ಬಂತೇನವ್ವಾ?”

“ಇಲ್ರೀ ಅಣ್ಣಾರ. ಬರ್ತೈತಿ.”

“ಬಿಸಿಲ ಭಾಳ ಐತಿ, ಮನೀಗೆ ಹೋಗಿ ಕುಂದ್ರಬಾರದ?”

“ಮನ್ಯಾಗ ಕುಂತರ ಟಿವಿಯವರು ಅವನ್ನ ದಿನಕ್ಕ ನಾಲ್ಕ ಸಲ ಸಾಯಸ್ತಾರ್ರೀ. ಇಲ್ಲಿ ಕೂಳಿ ಆರಿಸಿದ್ರ ಹೊಲಾರ ಸ್ವಚ್ಛ ಆಕ್ಕತಿ.”

ಹತ್ತನೆಯ ತಾರೀಖಿನ ಸಂಜೆ ಕದನ ನಿಂತಿತು. ರಾತ್ರಿ ಎಂಟರ ಸುಮಾರಿಗೆ ಅವನ ಫೋನು ಬಂತು. ಓಣಿಯವರೆಲ್ಲ ಸೇರಿದರು, ಯಾರೋ ಸಕ್ಕರೆ ಹಂಚಿದರು. ಮರುದಿನ ಬೆಳಿಗ್ಗೆ ನಾನು ಹೊಲಕ್ಕೆ ಹೋಗುವ ಹೊತ್ತಿಗೆ ಅವಳು ಉಳಿದ ಮೂರು ಸಾಲಿನಲ್ಲಿ ಕೂಳೆ ಆರಿಸುತ್ತಿದ್ದಳು. ನೆಮ್ಮದಿ ಎಂಬ ಶಬ್ದವನ್ನು ಆ ನಾಲ್ಕು ದಿನಗಳಿಗೆ ಬಳಸಲು ನನಗೆ ಧೈರ್ಯವಾಗುವುದಿಲ್ಲ. ಆದರೆ ನಾಲ್ಕು ದಿನ ಅವಳನ್ನು ನೆಟ್ಟಗೆ ನಿಲ್ಲಿಸಿದ ಒಂದು ವಸ್ತು ಆ ಹೊಲದಲ್ಲಿತ್ತು. ಅಳಿಯಂದಿರು ಊರಿಗೆ ಬಂದಾಗಲೆಲ್ಲ ‘ಶಾಂತಿ’ ಎಂದು ಕರೆಯುವುದು ಬಹುಶಃ ಅದನ್ನೇ ಇರಬೇಕು ಎಂದು ನನಗೆ ಈಗೀಗ ಅನ್ನಿಸುತ್ತದೆ.

ಆ ವಸ್ತು ಏನೆಂದು ಹೇಳಬೇಕಾದರೆ ಹಿಂಗಾರಿ ಜೋಳದ ಬಗ್ಗೆ ಹೇಳಬೇಕು. ಎರೆ ಮಣ್ಣಿನಲ್ಲಿ ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜಾತಿಯ ಜೇಡಿ ಇರುತ್ತದೆ. ಬೇಸಿಗೆಯಲ್ಲಿ ಈ ನೆಲ ಕೈ ಹೋಗುವಷ್ಟು ಅಗಲವಾಗಿ ಬಿರಿಯುತ್ತದೆ; ಮಳೆ ಬಂದಾಗ ಆ ಬಿರುಕುಗಳೊಳಗಿಂದಲೇ ನೀರು ಆಳಕ್ಕಿಳಿದು, ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಂಡು, ಒಳಗಿನ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ನಾವು ಅದಕ್ಕೆ ಹಸಿ ಎನ್ನುತ್ತೇವೆ. ಈ ಸಲ ಹಸ್ತ ಮಳೆ ಚೆನ್ನಾಗಿ ಹೊಡೆದದ್ದರಿಂದ ಚಿತ್ತಕ್ಕೆ ಕಾಯದೆ ಕೂರಿಗೆ ಹೂಡಿದೆವು. ಬಿತ್ತಿದ ಮೇಲೆ ಬಂದರೆ ಒಂದೆರಡು ಹನಿ, ಬರದಿದ್ದರೂ ಸರಿ. ಸುಮಾರು ನಾಲ್ಕು ತಿಂಗಳು ಆ ಬೆಳೆ ನೆಲದೊಳಗಿನ ಹಸಿಯ ಮೇಲೆಯೇ ನಿಲ್ಲುತ್ತದೆ, ತಲೆಯ ಮೇಲೆ ಮೋಡವಿಲ್ಲದೆ ತೆನೆ ಕಟ್ಟುತ್ತದೆ. ಮಾಲದಂಡಿ ಎಂದು ನಾವು ಬಿತ್ತುವ ತಳಿ ನನ್ನ ತಂದೆಯ ಕಾಲದಿಂದಲೂ ಅದೇ. ಈ ನಾಲ್ಕು ತಿಂಗಳಲ್ಲಿ ಒಕ್ಕಲಿಗನ ಕೈಯಲ್ಲಿರುವ ಮುಖ್ಯ ಕೆಲಸ ಎಡೆ ಹೊಡೆಯುವುದು. ಎಡೆಕುಂಟೆ ಓಡಿದಾಗ ಕಳೆ ಸಾಯುವುದಷ್ಟೇ ಅಲ್ಲ, ಮೇಲ್ಮಣ್ಣು ಪುಡಿಯಾಗಿ ಸಣ್ಣ ಬಿರುಕುಗಳು ಮುಚ್ಚಿ ಹಸಿ ಆರದಂತೆ ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಮಾಡಲು ಹೋದರೆ ಬೆಳೆಗೆ ಪ್ರಯೋಜನವಿಲ್ಲ, ಮಾಡದೆ ಬಿಟ್ಟರೆ ಬೆಳೆ ಕ್ಷಮಿಸುವುದಿಲ್ಲ.

ವಿಜ್ಞಾನದ ಮಾಸ್ತರನಾಗಿ ಇದನ್ನೆಲ್ಲ ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೆ. ಆದರೆ ಕೆಲಸಕ್ಕೆ ಒಂದು ಗಡಿ ಇರುವುದು, ಆ ಗಡಿ ಕಣ್ಣಿಗೆ ಕಾಣುವಷ್ಟು ಹತ್ತಿರ ಇರುವುದು, ಅದರಾಚೆಗಿನದು ನಮ್ಮ ಕೈಯದಲ್ಲ ಎಂಬುದು ಮೈಗೆ ತಿಳಿಯುವುದು ಮನುಷ್ಯನಿಗೆ ಎಂಥ ಬಿಡುಗಡೆ ಎನ್ನುವುದು ನಿವೃತ್ತಿಯ ತರುವಾಯ ತಿಳಿಯಿತು. ಅದೂ ಸುಲಭವಾಗಿ ತಿಳಿಯಲಿಲ್ಲ, ಹಣ ಕೊಟ್ಟು ಕಲಿಯಬೇಕಾಯಿತು. ನಿವೃತ್ತಿಯ ಹಣ ಕೈಗೆ ಬಂದ ವರ್ಷ ನನಗೆ ದಾಳಿಂಬೆಯ ಹುಚ್ಚು ಹಿಡಿದಿತ್ತು. ಕುಷ್ಟಗಿಯ ಕಡೆ ಪರಿಚಯದವರೊಬ್ಬರು ದಾಳಿಂಬೆ ಮಾಡಿ ಕಾರು ಕೊಂಡಿದ್ದರು. ಮಸಾರಿಯ ಎರಡು ಎಕರೆಗೆ ಬೋರು ಹಾಕಿಸಿ ಹನಿ ನೀರಾವರಿ ಮಾಡುವುದೆಂದು ನಿಶ್ಚಯಿಸಿದೆ. ಅಂತರ್ಜಲದ ಪಾಠವನ್ನು ಮೂವತ್ತನಾಲ್ಕು ವರ್ಷ ಹೇಳಿದ ನಾನು, ಹೆಂಡತಿಗೂ ತಿಳಿಯದಂತೆ, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವನೊಬ್ಬನನ್ನು ಹೊಲಕ್ಕೆ ಕರೆದೊಯ್ದೆ. ಕಾಯಿ ಎದ್ದು ನಿಂತಿತು. ಮೊದಲನೆಯ ಬೋರು 480 ಅಡಿ ಹೋಯಿತು, ಬರಿಯ ಬಿಳಿಯ ಧೂಳು. ಎರಡನೆಯದು 610 ಅಡಿ. ಮೂರು ಕೊಡ ನೀರು ಕಾರಿ ಸುಮ್ಮನಾಯಿತು. ಗಾಡಿಯವರು ಹೋದ ಮೇಲೆ ಆ ಧೂಳಿನ ಗುಡ್ಡೆಯ ಪಕ್ಕದಲ್ಲಿ ನಿಂತಿದ್ದಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೈಕು ನಿಲ್ಲಿಸಿ, “ಸರ, ಕಲ್ಲಿನ್ಯಾಗ ನೀರು ಎಲ್ಲಿರ್ತೈತಿ ಅಂತ ನೀವ ಹೇಳಿದ್ರಲ್ರೀ” ಎಂದ. ಕುಹಕವಲ್ಲ, ನಿಜವಾಗಿಯೂ ಅವನಿಗೆ ಆಶ್ಚರ್ಯವಾಗಿತ್ತು.

ಆ ರಾತ್ರಿ ಹೆಂಡತಿ ಬೈಯುವಳೆಂದು ಕಾದೆ, ಬೈಯಲಿಲ್ಲ. ಅವಳ ತವರು ಲಿಂಗಸೂಗೂರಿನ ಕಡೆ. ಅಲ್ಲಿಯ ಅಮರೇಶ್ವರದವರೇ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. 12ನೆಯ ಶತಮಾನದಲ್ಲಿ ಆ ದಂಪತಿ ಕಲ್ಯಾಣಕ್ಕೆ ಹೋದರು. ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟೊಂದು ನಮಗೇಕೆ, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ನಮ್ಮ ಕಡೆ ಭಾಷಣಗಳಲ್ಲಿ ಎಷ್ಟು ಸಲ ಹೇಳಿದ್ದಾರೆಂದರೆ ಅದರ ಅಂಚೆಲ್ಲ ಸವೆದುಹೋಗಿದೆ. ನನ್ನ ಹೆಂಡತಿ ಅದನ್ನು ಹೇಳಲೂ ಇಲ್ಲ, ಮರುದಿನ ರೊಟ್ಟಿ ಬಡಿಯುತ್ತ, “ಲಕ್ಕಮ್ಮ ಅಕ್ಕಿ ವಾಪಸ್ ಕಳಿಸಿದ್ಲು. ನಾ ಬೋರು ವಾಪಸ್ ಕಳಸಾಕ ಬರಂಗಿಲ್ಲಲ್ರೀ” ಎಂದಳು ಅಷ್ಟೇ. ಆ ಎರಡು ಕೇಸಿಂಗ್ ಪೈಪುಗಳ ಬಾಯಿಗೆ ಮುಚ್ಚಳ ಬಿಗಿಸಿದ್ದೇನೆ, ಮಕ್ಕಳು ಬೀಳಬಾರದೆಂದು. ಅವುಗಳ ನಡುವೆ ಈಗ ಸಜ್ಜೆಯನ್ನೂ ಮಡಕಿಕಾಳನ್ನೂ ಬಿತ್ತುತ್ತೇವೆ.

ಈ ‘ಸಾಕು’ ಎನ್ನುವ ಮಾತನ್ನು ದೊಡ್ಡ ಗುಣವೆಂದು ಹೇಳಿಕೊಳ್ಳಲು ನನ್ನ ಭಾವಮೈದುನ ಬಿಡುವುದಿಲ್ಲ. ಅವನು ಕಾರಟಗಿಯ ಬಳಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎಂಟು ಎಕರೆ ಭತ್ತ ಬೆಳೆಯುತ್ತಾನೆ. ಒಂದೇ ಜಿಲ್ಲೆಯವರಾದರೂ ನಮ್ಮದೂ ಅವನದೂ ಬೇರೆ ಬೇರೆ ದೇಶಗಳಿದ್ದ ಹಾಗೆ. ಅಲ್ಲಿ ಕಾಲುವೆ, ಅಕ್ಕಿ ಗಿರಣಿ, ಎರಡು ಬೆಳೆ, ಸಾಲ, ಲಾರಿ, ರಾತ್ರಿ ಹನ್ನೊಂದಾದರೂ ತೆರೆದಿರುವ ಹೋಟೆಲು. “ನಿಮ್ಮದು ತೃಪ್ತಿ ಅಲ್ಲ ಮಾಮಾ, ನೀರಿಲ್ಲದ್ದಕ್ಕ ಹುಟ್ಟಿದ ವೈರಾಗ್ಯ” ಎಂದು ಅವನು ನಗುತ್ತಾನೆ. ಅದರಲ್ಲಿ ಅರ್ಧ ಸತ್ಯವಿದೆ ಎಂದು ಒಪ್ಪುತ್ತೇನೆ. ಉಳಿದರ್ಧ ಸತ್ಯ ಅವನಿಗೆ ಗೊತ್ತಾದದ್ದು 2024ರ ಆಗಸ್ಟ್ 10ರ ರಾತ್ರಿ. ಅಂದು ಮುನಿರಾಬಾದಿನಲ್ಲಿ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಡ್ಯಾಮಿನ ನೀರು ನದಿಗೆ ಹರಿಯುತ್ತಲೇ ಇದ್ದ ಆ ವಾರ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಬಾಗಿಲು ಇಳಿಸುವ ತನಕ, ಅವನು ನನಗೆ ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದ. ಅವನ ನಾಟಿ ಆಗಿತ್ತು, ಸಾಲವೂ ಆಗಿತ್ತು. ಎಪ್ಪತ್ತು ವರ್ಷದ ಹಳೆಯ ಒಂದು ಚೈನಿಗೆ ಮೂರು ರಾಜ್ಯಗಳ ಕಾಲುವೆ ರೈತರ ನಿದ್ದೆ ತೂಗುಬಿದ್ದಿತ್ತು. ಆ ವಾರ ನಮ್ಮ ಹೊಲದಲ್ಲಿ ನಾನು ಹೆಸರುಕಾಯಿ ಬಿಡಿಸುತ್ತಿದ್ದೆ. ಎಕರೆಗೆ ಅವನಿಗೆ ಬರುವ ಆದಾಯದ ಕಾಲುಭಾಗವೂ ನನಗೆ ಬರುವುದಿಲ್ಲ, ಆದರೆ ನನ್ನ ನೀರು ಕಡಿಯುವ ಚೈನು ಎಲ್ಲಿಯೂ ಇಲ್ಲ. ಯಾವುದು ಮೇಲು ಎಂದು ಕೇಳಿದರೆ, ಅವನ ಮಕ್ಕಳು ಓದಿದ ಕಾಲೇಜನ್ನೂ ನನ್ನ ಪಿಂಚಣಿಯನ್ನೂ ತಕ್ಕಡಿಯಲ್ಲಿ ಹಾಕದೆ ಉತ್ತರ ಹೇಳುವುದು ಪ್ರಾಮಾಣಿಕವಾಗುವುದಿಲ್ಲ.

ಹೌದು, ಪಿಂಚಣಿ. ಹಳ್ಳಿಯ ನೆಮ್ಮದಿಯನ್ನು ಕುರಿತು ಬರೆಯುವವರು ಅನೇಕರು ಇದನ್ನು ಹೇಳುವುದಿಲ್ಲ. ತಿಂಗಳ ಮೊದಲ ದಿನ ಬ್ಯಾಂಕಿಗೆ ಬೀಳುವ ಹಣವೇ ನನ್ನ ನೆಲದ ಹಸಿ. ಮೇಲೆ ಮಳೆಯಾಗದಿದ್ದರೂ ನಾನು ಹಸಿರಾಗಿರುವುದು ಅದರಿಂದ. ನಮ್ಮ ಓಣಿಯ ಕೊನೆಯಲ್ಲಿ ಹೊಲವಿಲ್ಲದ ಏಳೆಂಟು ಮನೆಗಳಿವೆ. ದಸರೆ, ದೀಪಾವಳಿ ಮುಗಿಯುವುದೇ ತಡ, ಬಾಗಿಲಿಗೆ ಬೀಗ ಹಾಕಿ, ಒಲೆಯ ಕಲ್ಲನ್ನು ಗೋಡೆಗೆ ಆನಿಸಿ, ಮುದುಕರನ್ನು ಕಾವಲಿಗಿಟ್ಟು, ಬೆಂಗಳೂರಿಗೋ ಮಂಗಳೂರಿಗೋ ಗೋವೆಗೋ ಗುಳೆ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಅವರು ಸಿಕ್ಕ ಲಾರಿಯಲ್ಲಿ, ಕೆಲವೆಡೆ ನಡೆದುಕೊಂಡು ಮರಳಿ ಬಂದರು. ನಮ್ಮ ಶಾಲೆಯ ಕೋಣೆಗಳಲ್ಲೇ ಅವರನ್ನು ಇರಿಸಿದ್ದರು. ಆ ಎರಡು ತಿಂಗಳು ಊರು ಎಂದೂ ಇಲ್ಲದಷ್ಟು ಶಾಂತವಾಗಿತ್ತು, ಬಸ್ಸಿಲ್ಲ, ಗಾಡಿಯಿಲ್ಲ, ಆಕಾಶ ನೀಲಿ. ಆ ಶಾಂತಿಯನ್ನು ಕಿಟಕಿಯಿಂದ ನೋಡುತ್ತ ನಿಂತಿದ್ದವನೊಬ್ಬ ಸಂಜೆಗೆ ಅಕ್ಕಿ ಎಲ್ಲಿಂದ ಎಂದು ಯೋಚಿಸುತ್ತಿದ್ದ. ಅವನ ಹೆಂಡತಿ ಈಗ ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೆಸರು ಬರೆಸಿದ್ದಾಳೆ, ಅವನು ಮಾತ್ರ ಮತ್ತೆ ಹೋಗಿದ್ದಾನೆ.

ಇನ್ನೊಂದು ಮಾತು. ಈ ಊರಿನಲ್ಲಿ ನನ್ನ ಬೆಳಗು ಕೋಗಿಲೆಯಿಂದ ಆರಂಭವಾಗುತ್ತದೆ ಎಂದು ಬರೆಯಬಹುದಿತ್ತು. ಅದು ಆರಂಭವಾಗುವುದು ಹೆಂಡತಿ ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿಯುವ ಸದ್ದಿನಿಂದ. ಕೊಪ್ಪಳದ ಗವಿಮಠದ ಜಾತ್ರೆ ಜನವರಿಯಲ್ಲಿ ಬರುತ್ತದೆ. ಆ ಮಹಾದಾಸೋಹಕ್ಕೆ ಊರೂರಿನಿಂದ ಜೋಳದ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ಹೋಗುತ್ತವೆ. ನಮ್ಮ ಊರಿನ ಪಾಲಿಗೆ ಈ ವರ್ಷ ನಮ್ಮ ಮನೆಯಿಂದ ನೂರಾ ಇಪ್ಪತ್ತು ರೊಟ್ಟಿ. ಅವಳೂ ತಂಗಿಯೂ ಎದುರುಬದುರು ಕುಳಿತು, ಬಿಸಿನೀರಿನ ಎಸರಿನಲ್ಲಿ ನಾದಿದ ಹಿಟ್ಟನ್ನು ಮುದ್ದೆ ಮಾಡಿ, ಪರಾತದ ಮೇಲೆ ಬಡಿಯುತ್ತ ತಿರುಗಿಸುತ್ತ, ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಉಬ್ಬಿದ್ದನ್ನು ಒಲೆಯ ಪಕ್ಕಕ್ಕೆ ಕಡಕ್ ಆಗಲು ನಿಲ್ಲಿಸುತ್ತಿದ್ದರು. ಇಬ್ಬರ ಬಡಿತವೂ ಕೆಲ ಹೊತ್ತಿನಲ್ಲಿ ಒಂದೇ ಲಯಕ್ಕೆ ಬರುತ್ತಿತ್ತು, ಮತ್ತೆ ತಪ್ಪುತ್ತಿತ್ತು, ಮತ್ತೆ ಕೂಡುತ್ತಿತ್ತು. ನಾನು ಕಟ್ಟೆಯ ಮೇಲೆ ಕುಳಿತು ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳುತ್ತ, ಎಂಥ ಶಾಂತಿ ಎಂದುಕೊಂಡೆ. ಮಧ್ಯಾಹ್ನ ಅವಳಿಗೆ ಹಾಗೆಂದು ಹೇಳಿದಾಗ, ಅವಳು ಮುಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಉತ್ತರ ಕೊಡದೆ ಬಾಟಲಿಯ ಮುಚ್ಚಳ ತಿರುಗಿಸಲು ನನ್ನ ಕೈಗೆ ಕೊಟ್ಟಳು.

ಶಾಂತಿ ಎಂದರೆ ಸದ್ದಿಲ್ಲದಿರುವುದೂ ಅಲ್ಲ. ನಮ್ಮ ಸುತ್ತಲಿನ ಎರೆಯಲ್ಲೆಲ್ಲ ಗಾಳಿ ವಿದ್ಯುತ್ತಿನ ಕಂಬಗಳು ಎದ್ದಿವೆ. ಜನ ಅವುಗಳಿಗೆ ಫ್ಯಾನು ಎನ್ನುತ್ತಾರೆ. ಗಾಳಿ ಬಿಟ್ಟ ರಾತ್ರಿ ಅವುಗಳ ರೆಕ್ಕೆಯ ಸುಂಯ್ ಸುಂಯ್ ಸದ್ದು ನಿದ್ದೆಯೊಳಗೂ ಬರುತ್ತದೆ, ತುದಿಯ ಕೆಂಪು ದೀಪಗಳು ಕಣದ ಮೇಲೆ ಮಲಗಿದವನಿಗೆ ನಕ್ಷತ್ರಗಳಿಗಿಂತ ಮೊದಲು ಕಾಣುತ್ತವೆ. 2025ರ ಮೇ ತಿಂಗಳಿಂದ ಕುಷ್ಟಗಿಯವರೆಗೆ ರೈಲೂ ಬಂದಿದೆ. ಗದಗ–ವಾಡಿ ಮಾರ್ಗ ಎಂದು ನಾನು ನೌಕರಿಯಲ್ಲಿದ್ದಾಗಿನಿಂದ ಕೇಳುತ್ತಿದ್ದ ಹೆಸರು ಈಗ ಕೂಗು ಹಾಕುತ್ತದೆ. ಮೊದಮೊದಲು ಆ ಕೂಗಿಗೆ ಆಕಳು ಬೆದರುತ್ತಿತ್ತು, ಈಗ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ನಾನೂ ಅಷ್ಟೇ. ಮೊಬೈಲಿನ ಸುದ್ದಿಯನ್ನು ದಿನಕ್ಕೆ ಎರಡು ಹೊತ್ತು ನೋಡುತ್ತೇನೆ, ಊಟದ ಹೊತ್ತಿಗೆ ನೋಡುವುದಿಲ್ಲ. ಇದು ವ್ರತವಲ್ಲ, ಡಾಕ್ಟರು ರಕ್ತದೊತ್ತಡದ ಗುಳಿಗೆ ಬರೆದಾಗ ಹೇಳಿದ್ದು.

ಅಂದು ಸೀತನಿಯ ಬೆಂಕಿ ಆರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮಗಳು ಮತ್ತು ಅಳಿಯ ಉಳಿದ ಕಾಳನ್ನು ಬೆಂಗಳೂರಿಗೆ ಒಯ್ಯಲು ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಊರಿಗೆ ಬಂದು ಎಂಟು ದಿನವಾಗಿದ್ದ ಆ ಹುಡುಗ, ತಾಯಿ ಹೇಳುವ ಪ್ರಕಾರ, ಅದರಲ್ಲಿ ನಾಲ್ಕು ದಿನ ಬರೀ ಮಲಗಿಯೇ ಇದ್ದ. ಮೇ ತಿಂಗಳ ಬಗ್ಗೆ ಅವನಾಗಿ ಒಂದು ಮಾತೂ ಎತ್ತಿರಲಿಲ್ಲ, ಅವಳೂ ಕೇಳಿರಲಿಲ್ಲ. ಹಕ್ಕಿಗಳು ಗೂಡಿಗೆ ಹೋಗುವ ಮುನ್ನ ಕೊನೆಯ ಸಲ ತೆನೆಗೆ ಮುತ್ತುವ ಹೊತ್ತು ಅದು. ತಾಯಿಯ ಹೊಲದ ಮೇಲೆ ಗುಬ್ಬಿಗಳು ಹಿಂಡು ಹಿಂಡಾಗಿ ಇಳಿಯುವುದನ್ನು ಕಂಡು ಅವನು ಎದ್ದ. ಬದುವಿನ ಜಾಲಿಗಿಡಕ್ಕೆ ನೇತುಹಾಕಿದ್ದ ಹಳೆಯ ಕವಣೆ ತೆಗೆದುಕೊಂಡು, ಹುರಿಯನ್ನು ಎಳೆದು ನೋಡಿ, ಒಂದು ಹೆಂಟೆ ಇಟ್ಟು, ತಲೆಯ ಮೇಲೆ ಎರಡು ಸುತ್ತು ಬೀಸಿ ಬಿಟ್ಟ. ಕವಣೆಯ ತುದಿ ಚಟ್ಟೆಂದಿತು. “ಹೋಯ್” ಎಂದು ಅವನು ಕೂಗಿದ ಕೂಗಿಗೆ ಅವನ ತಾಯಿ ತಿರುಗಿ ನೋಡಿದಳು. ಅಷ್ಟು ದಿನದಲ್ಲಿ ಅವನು ದೊಡ್ಡ ದನಿ ತೆಗೆದದ್ದು ಅದೇ ಮೊದಲಿರಬೇಕು. ಇಡೀ ಹಿಂಡು ಭರ್ರೆಂದು ಮೇಲೆದ್ದು, ಗಾಳಿಯಲ್ಲಿ ಒಂದು ಸುತ್ತು ಹಾಕಿ, ಬದು ದಾಟಿ ಬಂದು ನಮ್ಮ ಜೋಳದ ಮೇಲೆ ಕುಳಿತುಕೊಂಡಿತು.

“ಅಣ್ಣಾರ, ನಿಮ್ಮ ಪಾಲಿಗೆ ಬಂದ್ವು ನೋಡ್ರೀ” ಎಂದು ತಂಗಿ ನಕ್ಕಳು. ನಾನು ಅಳಿಯಂದಿರ ಕೈಗೆ ಒಂದು ಹೆಂಟೆ ಕೊಟ್ಟೆ.